ಜೋಡಿ ಹುಂಡಿ

1978ನೇ ಇಸವಿ ಮಾರ್ಚ್ 31, ಶುಕ್ರವಾರ. ಬೆಳಗ್ಗೆ ಒಂಬತ್ತೂಕಾಲಿಗೆ ಮಿಡಿಗೇಶಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಎಳೆಗೂಸನ್ನು ಅವುಚಿಕೊಂಡಂತೆ ಮಡಿಲಲ್ಲಿ ಏನನ್ನೋ ಅವುಚಿಕೊಂಡಿದ್ದಳು. ಹೆಡ್ ಕಾನ್‌ಸ್ಟೇಬಲ್ ಕದಿರಯ್ಯ ಆಗಷ್ಟೇ ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದ. ಊರವರ ದೂರಿಗೂ ಅವನ ಹೊಟ್ಟೆಗೂ ಅದೇನು ಹಗೆಯೋ, ಇಷ್ಟು ವರ್ಷದ ಸರ್ವೀಸಿನಲ್ಲಿ ತಿಂಡಿಯನ್ನು ಬಿಸಿಯಿರುವಾಗ ತಿಂದ ನೆನಪೇ ಅವನಿಗಿರಲಿಲ್ಲ. ಪೊಟ್ಟಣ ಮಡಚಿಟ್ಟು, "ಏನಮ್ಮಾ?" ಅಂದ.

"ಕಳ್ತನ ಆಗೈತೆ ಸ್ವಾಮಿ."

"ಏನು ಹೋಗಿದೆ?"

"ಬಾಗಿಲು."

ಕದಿರಯ್ಯ ಎತ್ತಿದ ಪೆನ್ನನ್ನು ಹಾಗೇ ಹಿಡಿದುಕೊಂಡ. "ಬಾಗಿಲನ್ನೇ ಕಿತ್ತುಕೊಂಡು ಹೋದರಾ?"

"ಇನ್ನೂ ಮಾಡ್ಸಿರ್ಲಿಲ್ಲ ಸ್ವಾಮಿ. ಮಾಡ್ಸೋಕೆ ಕೂಡಿಟ್ಟಿದ್ದ ದುಡ್ಡು ಹೋಯ್ತು."

ಹೆಂಗಸಿನ ಹೆಸರು ಕ್ಯಾತಮ್ಮ. ಬೆಟ್ಟದ ಹಿಂಬದಿಯ ಹಟ್ಟಿಯವಳು. ಗಂಡ ತೀರಿಕೊಂಡ ಮೇಲೆ ಮಜ್ಜಿಗೆ, ಬೆಣ್ಣೆ ಹೊತ್ತು ಕೋಟೆ ಬೀದಿಯಲ್ಲಿ ಮಾರಿ ಬದುಕುವವಳು. ಅವಳ ಮನೆಗೆ ಬಾಗಿಲೆಂದರೆ ಒಂದು ಬಿದಿರಿನ ತಟ್ಟಿ. ನಾಯಿ ಮೂತಿಯಿಂದ ನೂಕಿದರೂ ಬಿದ್ದುಹೋಗುವಂಥದ್ದು. ಮನೆಯಲ್ಲಿ ಪ್ರಾಯಕ್ಕೆ ಬಂದ ಮಗಳು ಗಿರಿಯಮ್ಮ. ಹೋದ ತಿಂಗಳು ಯಾವನೋ ಹಾದಿಹೋಕ ಹಾಡುಹಗಲೇ ಆ ತಟ್ಟಿ ಸರಿಸಿ ಒಳಗೆ ಇಣುಕಿದ್ದ. ಹುಡುಗಿ ಕುಡುಗೋಲು ಹಿಡಿದು ನಿಂತದ್ದಕ್ಕೆ ಓಡಿದ. ಆವತ್ತಿನಿಂದ ಕ್ಯಾತಮ್ಮ ಮಜ್ಜಿಗೆ ಗಡಿಗೆ ಹೊತ್ತು ಹೊರಟರೆ ಜೀವವೆಲ್ಲ ಆ ತಟ್ಟಿಯ ಮೇಲೇ. ಬಡವನಹಳ್ಳಿಯ ಬಡಗಿ ಚೌಕಟ್ಟು, ಚಿಲಕ ಸೇರಿಸಿ ಬಾಗಿಲಿಗೆ ಮುನ್ನೂರು ರೂಪಾಯಿ ಹೇಳಿದ್ದ. ಆರು ವರ್ಷದಿಂದ ಮಜ್ಜಿಗೆಯಲ್ಲಿ ಉಳಿದ ಐದು ಪೈಸೆ, ಹತ್ತು ಪೈಸೆ, ಅಪರೂಪಕ್ಕೆ ಸುರುಳಿ ಸುತ್ತಿದ ಒಂದು ರೂಪಾಯಿಯ ನೋಟು, ಹೀಗೆ ಎಲ್ಲವನ್ನೂ ಅವಳು ಮಣ್ಣಿನ ಹುಂಡಿಗೆ ಹಾಕುತ್ತ ಬಂದಿದ್ದಳು.

ಆ ಹುಂಡಿಯನ್ನೇ ಈಗ ಮೇಜಿನ ಮೇಲಿಟ್ಟಳು. ಎಲ್ಲೂ ಒಡೆದಿರಲಿಲ್ಲ. ಕದಿರಯ್ಯ ಎತ್ತಿ ಅಲ್ಲಾಡಿಸಿದ. ಒಂದೇ ಒಂದು ಕಾಸು ಲೊಟಗುಟ್ಟಿತು, ಜೊತೆಗೆ ಏನೋ ಸರಬರ ಅಂದಿತು.

"ಎಷ್ಟಿತ್ತು?"

"ಎಣಿಸಿಲ್ಲ."

"ಅಂದಾಜು?"

"ಕೂಡಿಡೋ ಕಾಸ್ನ ಎಣಿಸ್ಬಾರ್ದು ಸ್ವಾಮಿ. ಎಣಿಸಿದ್ರೆ ಬೆಳೆಯಾಕಿಲ್ಲ."

ಒಳಗಿನ ಕೋಣೆಯಿಂದ ಸಬ್ ಇನ್‌ಸ್ಪೆಕ್ಟರ್ ಶಂಕರಲಿಂಗಪ್ಪ ಎದ್ದು ಬಂದರು. ಅವರದು ಬಾಯಿ ಜೋರು, ಮನಸ್ಸು ಮೆತ್ತಗೆ. "ಎಫ್‌ಐಆರ್‌ನಲ್ಲಿ ಮೌಲ್ಯ ಅಂತ ಒಂದು ಕಾಲಂ ಇದೆ ತಾಯಿ. ಅಲ್ಲಿ ಏನು ಬರೆಯಲಿ? ಬೆಳೆಯಾಕಿಲ್ಲ ಅಂತ ಬರೆಯಲಾ?"

"ಏನಾರ ಬರ್ಕಳ್ಳಿ ಬುದ್ದಿ. ಯುಗಾದಿಗೆ ಒಡೆಯಾನ ಅಂತ ಇವತ್ತು ಎತ್ತಿ ನೋಡಿದ್ರೆ ಹಗೂರ. ಮಡಕೆ ಒಡೆದಿಲ್ಲ, ಕಾಸಿಲ್ಲ. ಹಟ್ಟೀಲಿ ಎಲ್ರೂ ದೇವ್ರ ಆಟ ಅಂತಾವ್ರೆ. ದೇವ್ರಿಗೆ ಚಿಲ್ರೆ ಯಾಕೆ ಬುದ್ದಿ?"

"ಎಲ್ಲಿಟ್ಟಿದ್ದೆ?"

"ಕುರಿ ರೊಪ್ಪದ ಮೂಲೇಲಿ ಹೂತಿದ್ದೆ. ಬಾಗಿಲಿಲ್ಲದ ಮನೇಲಿ ಹೆಂಗೆ ಇಡ್ಲಿ?"

ಮನೆಯೊಳಗಿನ ಕಳವಾದರೆ ಐಪಿಸಿ 380. ಕುರಿ ರೊಪ್ಪಕ್ಕೆ ಗೋಡೆಯೂ ಇಲ್ಲ, ಮಾಡೂ ಇಲ್ಲ, ಮುಳ್ಳಿನ ಬೇಲಿ ಅಷ್ಟೇ. ಶಂಕರಲಿಂಗಪ್ಪ 379 ಎಂದರು. ಕದಿರಯ್ಯ ಬರೆದ. ಮೌಲ್ಯದ ಕಾಲಂನಲ್ಲಿ 'ಎಣಿಸಿರುವುದಿಲ್ಲ' ಎಂದು ಬಿತ್ತು.

ಹನ್ನೊಂದೂವರೆಗೆ ಹಟ್ಟಿಯಲ್ಲಿ ಸ್ಥಳ ಪಂಚನಾಮೆ. ಠಾಣೆಗೆ ಜೀಪಿರಲಿಲ್ಲ, ಇಬ್ಬರೂ ಸೈಕಲ್ ತುಳಿದುಕೊಂಡು ಹೋದರು. ರೊಪ್ಪದ ಮೂಲೆಯಲ್ಲಿ ಗುಂಡಿ, ಪಕ್ಕದಲ್ಲಿ ಮುಚ್ಚಿದ್ದ ಚಪ್ಪಡಿ ಕಲ್ಲು. ಕ್ಯಾತಮ್ಮ ಹೂತದ್ದು ಹೇಗೆ, ಎತ್ತಿದ್ದು ಹೇಗೆ ಅಂತ ಹಟ್ಟಿಗೆಲ್ಲ ಕೇಳುವಂತೆ ವಿವರಿಸುತ್ತಿದ್ದಳು. ಇಬ್ಬರು ಪಂಚರ ಎದುರಿಗೆ ಶಂಕರಲಿಂಗಪ್ಪ ಹುಂಡಿಯನ್ನು ಕಲ್ಲಿಗೆ ತಾಗಿಸಿ ಒಡೆದರು.

ಬಿದ್ದದ್ದು ಅರಿಶಿನ ಹತ್ತಿದ ಒಂದು ಕಾಸು, ಜೊತೆಗೆ ಒಂದು ಹಿಡಿ ಭತ್ತ.

ಭತ್ತವನ್ನೇ ನೋಡುತ್ತ ನಿಂತ ಕ್ಯಾತಮ್ಮ ಸೆರಗನ್ನು ಬಾಯಿಗೊತ್ತಿಕೊಂಡು, "ಕೇಸು ಬ್ಯಾಡ ಬುದ್ದಿ. ಹೋಗಿದ್ದು ಹೋಯ್ತು, ಬುಟ್ಬುಡಿ" ಅಂದಳು.

"ಬಿಟ್ಟುಬಿಡೋದಾ? ಬೆಳಗ್ಗೆ ನೀನೇ ಬಂದು ಬರೆಸಿದ್ದು! ಎಫ್‌ಐಆರ್ ಏನು ಹಲಗೆ ಬರಹವಾ, ಎಂಜಲು ಹಚ್ಚಿ ಒರೆಸೋಕೆ?" ಶಂಕರಲಿಂಗಪ್ಪನವರಿಗೆ ರೇಗಿತು. "ರೊಪ್ಪದಲ್ಲಿ ರಾತ್ರಿ ಮಲಗೋದು ಯಾರು?"

ಮಲಗುವವನು ಓಬಯ್ಯ, ಕ್ಯಾತಮ್ಮನ ಕುರಿ ಕಾಯುವ ಆಳು. ಅವನ ಕಾಲಲ್ಲಿ ಹೊಸ ಚಪ್ಪಲಿ ಕಿರುಗುಟ್ಟುತ್ತಿದ್ದವು. ಅಷ್ಟು ಸಾಕಾಯಿತು.

ಮಧ್ಯಾಹ್ನ ಠಾಣೆಯಲ್ಲಿ ವಿಚಾರಣೆ.

"ಚಪ್ಪಲಿ ಎಲ್ಲಿ ಕೊಂಡೆ?"

"ಮಧುಗಿರೀಲಿ ಬುದ್ದಿ."

"ದುಡ್ಡು?"

"ಕೂಲಿದು."

"ಯಾರು ಕೊಟ್ಟಿದ್ದು?"

"ಕ್ಯಾತಕ್ಕಾನೇ ಕೊಟ್ಟಿದ್ದು. ನಾನು ಅನ್ನ ಉಂಡ ಮನೆಗೆ ಕನ್ನ ಹಾಕೋನಲ್ಲ ಬುದ್ದಿ, ನಿಮ್ಮ ದಮ್ಮಯ್ಯ!" ಓಬಯ್ಯ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಅಳತೊಡಗಿದ.

ಹೊರಗೆ ಮೆಟ್ಟಿಲ ಮೇಲೆ ಕ್ಯಾತಮ್ಮ ಕೂತಿದ್ದಳು. ಅಳು ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬಂದು, "ಅವ್ನಲ್ಲ ಬುದ್ದಿ" ಅನ್ನುವಳು. "ಮತ್ತೆ ಯಾರು?" ಅಂದರೆ ಹೋಗಿ ಕೂರುವಳು.

ಕದಿರಯ್ಯ ಎರಡು ಟೀ ತರಿಸಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ. ಆ ಭತ್ತ ಅವನ ತಲೆಯಲ್ಲಿ ಹೊಕ್ಕು ಕೂತಿತ್ತು. ಪಾವಗಡದ ಕಡೆಯ ಊರಲ್ಲಿ ಅವನ ತಾಯಿಯೂ ಇಂಥದೇ ಹುಂಡಿ ಇಟ್ಟಿದ್ದಳು. ಬರಿ ಮಡಕೆಯನ್ನು ಮನೆಗೆ ತರಬಾರದು ಅನ್ನುವಳು. ಯಾವುದರಿಂದ ಮನೆ ಉಣ್ಣುತ್ತದೋ ಅದನ್ನು ಮೊದಲು ಹಾಕಬೇಕು, ಅರಿಶಿನ ಹಚ್ಚಿದ ಮೀಸಲು ಕಾಸು ಹಾಕಬೇಕು, ಆಮೇಲೆ ಉಳಿದದ್ದು. ಅವಳು ಹಾಕಿದ್ದು ಕಡಲೇಕಾಯಿ, ಯಾಕೆಂದರೆ ಅವರ ಹೊಲದಲ್ಲಿ ಬೆಳೆಯುತ್ತಿದ್ದದ್ದು ಅದೊಂದೇ. ಆ ಹುಂಡಿ ಒಡೆದ ದುಡ್ಡಲ್ಲೇ ಕದಿರಯ್ಯನಿಗೆ ಬೂಟು ಬಂತು. ಆ ಬೂಟು ಹಾಕಿ ತುಮಕೂರಿನ ಮೈದಾನದಲ್ಲಿ ಓಡಿದ್ದಕ್ಕೇ ಪೊಲೀಸ್ ಕೆಲಸ ಸಿಕ್ಕಿತು. ತಿಂದ ತುತ್ತು, ಉಟ್ಟ ಬಟ್ಟೆ ಎಲ್ಲ ಅವ್ವನ ಚಿಲ್ಲರೆ ಕಾಸಿನ ಪುಣ್ಯ ಅಂತ ಅವನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದ.

"ಕ್ಯಾತಮ್ಮ, ನಿನ್ನ ಹುಂಡಿಗೆ ಮೊದಲು ಏನು ಹಾಕಿದ್ದೆ?"

"ಮರ್ತೋಯ್ತು."

"ಕುರಿ ಕಾಯೋ ಹಟ್ಟೀಲಿ ಭತ್ತ ಎಲ್ಲಿಂದ ಬಂತು ತಾಯಿ? ನಿಮ್ಮ ಮನೆ ಉಣ್ಣೋದು ಉಣ್ಣೆಯಿಂದ, ಹಾಲಿನಿಂದ. ಗದ್ದೆ ಎಲ್ಲಿದೆ?"

ಕ್ಯಾತಮ್ಮ ಲೋಟ ಕೆಳಗಿಟ್ಟಳು. "ಟೀ ಆರೋಯ್ತು ಸ್ವಾಮಿ" ಅಂದಳು. ಹೊಗೆಯಾಡುವ ಟೀ!

ಅಯ್ಯೋ ದೇವುಡಾ ಅಂದುಕೊಂಡ ಕದಿರಯ್ಯ. ಈ ಹುಂಡಿ ಇವಳದಲ್ಲ. ಯಾರದು ಅಂತ ಇವಳಿಗೆ ಗೊತ್ತು. ಜೀವ ಹೋದರೂ ಹೇಳುವುದಿಲ್ಲ.

ಅವನು ಹೇಳಿದ್ದನ್ನು ಶಂಕರಲಿಂಗಪ್ಪ ಪೂರ್ತಿ ಕೇಳಿದರು. ಒಡೆದ ಹುಂಡಿಯ ಬೋಕಿಗಳನ್ನು ತರಿಸಿ ತಳದ ತುಂಡನ್ನು ತಿರುಗಿಸಿ ನೋಡಿದರು. ಹಸಿ ಮಣ್ಣಿನಲ್ಲೇ ಉಗುರಿನಿಂದ ಎಳೆದ ಎರಡು ಗೀರುಗಳಿದ್ದವು. "ಹಾಗಾದರೆ ಇದು ಖಾಲಿ ಮಾಡಿದ್ದಲ್ಲ ಕಣ್ರೀ, ಅದಲು ಬದಲು. ಈ ಗೀರು ಯಾಕೆ ಹಾಕಿದ್ದು ಅಂತ ಕುಂಬಾರನನ್ನು ಕೇಳಿಕೊಂಡು ಬನ್ನಿ. ಅಲ್ಲೀತನಕ ಆ ಓಬಯ್ಯನಿಗೆ ಊಟ ಹಾಕ್ಸಿ, ಗದರಿಸಬೇಡಿ."

ಏಪ್ರಿಲ್ 1, ಶನಿವಾರ. ಬೆಳಗಿನ ಬಸ್ಸಿಗೆ ಕದಿರಯ್ಯ ಬಡವನಹಳ್ಳಿಗೆ ಹೋದ. ಮುದುಕ ಕುಂಬಾರ ಬೋಕಿಯನ್ನು ಕಣ್ಣ ಹತ್ತಿರ ಹಿಡಿದು ನಕ್ಕುಬಿಟ್ಟ.

"ಇದು ಜೋಡಿ ಹುಂಡಿ ಸ್ವಾಮಿ. ಅಕ್ಕತಂಗೇರು ಬಂದ್ರೆ ಒಂದೇ ತರದ ಎರಡು ಬೇಕು ಅಂತಾರೆ, ಬೆರ್ತೋಗ್ದಿರ್ಲಿ ಅಂತ ಗೀರು ಹಾಕ್ತೀನಿ. ಆದ್ರೆ ಇವ್ರು ಅಕ್ಕತಂಗೇರಲ್ಲ."

"ಯಾರು?"

"ಮಜ್ಜಿಗೆ ಕ್ಯಾತಮ್ಮ, ಇನ್ನೊಬ್ಬಳು ಮಿಡಿಗೇಶಿ ಕೋಟೆ ಬೀದಿ ಮುದ್ದಕ್ಕ. ಹತ್ತು ಪೈಸೆ ಇಳ್ಸು ಅಂತ ಸಂತೆ ಮುಗಿಯೋವರ್ಗೂ ನನ್ನ ತಲೆ ತಿಂದ್ರು. ಮರೆಯೋದುಂಟಾ!"

"ಮುದ್ದಕ್ಕನಿಗೆ ಗದ್ದೆ ಇದೆಯಾ?"

"ಕೆರೆ ಕೆಳಗೆ ಒಂದು ತುಂಡು. ಗಂಡ ಪಾಲಣ್ಣ ಕುಡ್ದು ಮಿಕ್ಕಿದ್ದು."

ಮೂರು ಗಂಟೆಗೆ ಕದಿರಯ್ಯ ಸಬ್ ಇನ್‌ಸ್ಪೆಕ್ಟರರೊಂದಿಗೆ ಮುದ್ದಕ್ಕನ ಮನೆಯ ಮುಂದೆ ನಿಂತಾಗ ಜಗಲಿಯ ಮೇಲೆ ಪಾಲಣ್ಣ ಬೀಡಿ ಸೇದುತ್ತಿದ್ದ. ಒಳಗಿಂದ ಬಂದ ಮುದ್ದಕ್ಕನನ್ನು ಏನೂ ಕೇಳಬೇಕಾಗಲಿಲ್ಲ. "ಓಬಯ್ಯನ್ನ ಹಿಡ್ಕಂಡೋದ್ರು ಅಂತ ಕೇಳಿದಾಗಿಂದ ಅನ್ನ ಇಳಿದಿಲ್ಲ ಸ್ವಾಮಿ. ನಾನೇ ಬರೋಳಿದ್ದೆ, ಕಾಲು ಬರ್ಲಿಲ್ಲ" ಎಂದು ಒಳಗೆ ಹೋಗಿ, ರಾಗಿ ತುಂಬಿದ ಮಣ್ಣಿನ ವಾಡೆಗೆ ತೋಳು ಪೂರ್ತಿ ಇಳಿಬಿಟ್ಟು ಹುಂಡಿಯೊಂದನ್ನು ಎತ್ತಿದಳು. ಎರಡು ಕೈಯಲ್ಲಿ ಹಿಡಿಯುವಷ್ಟು ಭಾರ. ಒಂದು ಬಿರುಕೂ ಇಲ್ಲ. ತಳದಲ್ಲಿ ಎರಡು ಗೀರು.

ನಾಲ್ಕೂಕಾಲಿಗೆ ಪಂಚರ ಸಮಕ್ಷಮ ಹುಂಡಿಯನ್ನು ವಶಕ್ಕೆ ತೆಗೆದುಕೊಂಡು, ಪಕ್ಕದ ಮನೆಯ ಅಜ್ಜಿಯನ್ನು ಜೊತೆಗಿಟ್ಟುಕೊಂಡು ಮುದ್ದಕ್ಕನನ್ನು ದಸ್ತಗಿರಿ ಮಾಡಲಾಯಿತು. ಪಾಲಣ್ಣ ಹಿಂದೆಯೇ ಬಂದ. ಠಾಣೆಯಲ್ಲಿ ಓಬಯ್ಯನನ್ನು ಬಿಟ್ಟರು. ಅವನು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿದ.

ಕ್ಯಾತಮ್ಮನಿಗೆ ಹೇಳಿಕಳಿಸಿದರು. ಅವಳು ಬಂದಳು. ಗೆಳತಿಯರು ಒಬ್ಬರನ್ನೊಬ್ಬರು ನೋಡಲಿಲ್ಲ. ಶಂಕರಲಿಂಗಪ್ಪ ಕುರ್ಚಿ ಎಳೆದುಕೊಂಡರು.

"ಯಾಕೆ ಮಾಡಿದೆ?"

"ನಂದು ಖಾಲಿ ಆಗಿತ್ತು ಬುದ್ದಿ."

"ಹೆಂಗೆ ಖಾಲಿಯಾಯ್ತು?"

ಮುದ್ದಕ್ಕ ಗಂಡನ ಕಡೆ ನೋಡಿದಳು. ಠಾಣೆಯ ನೆಲದಲ್ಲಿ ಏನನ್ನೋ ಬೀಳಿಸಿಕೊಂಡವನಂತೆ ಪಾಲಣ್ಣ ತಲೆ ತಗ್ಗಿಸಿದ್ದ. ಪರಕೆ ಕಡ್ಡಿಯ ತುದಿಗೆ ಜಾಲಿಯ ಅಂಟು ಮೆತ್ತಿ, ಹುಂಡಿಯ ಸೀಳಿನೊಳಗೆ ಬಿಟ್ಟು, ದಿನಕ್ಕಿಷ್ಟರಂತೆ ವರ್ಷಗಟ್ಟಲೆ ಎತ್ತಿದ್ದ. ಮೀಸಲು ಕಾಸನ್ನು ಮಾತ್ರ ಮುಟ್ಟಿರಲಿಲ್ಲ. ಕುಡುಕನಿಗೂ ದೇವರ ಭಯ.

"ಹೆಂಡ್ತಿ ಹುಂಡಿಗೆ ಗಾಳ ಹಾಕೋನಿಗೆ ಯಾವ ಸೆಕ್ಷನ್ ಸಾರ್?" ಕದಿರಯ್ಯ ಕೇಳಿದ.

"ಕಾನೂನಲ್ಲಿ ಸಿಕ್ಕದಿದ್ದರೆ ಪರಕೇಲಿ ಸಿಗುತ್ತೆ" ಎಂದರು ಶಂಕರಲಿಂಗಪ್ಪ. ಮತ್ತೆ ಮುದ್ದಕ್ಕನ ಕಡೆ ತಿರುಗಿದರು. "ನೀನು ಏನಕ್ಕೆ ಕೂಡಿಡ್ತಿದ್ದೆ?"

"ತಾಮ್ರದ ಹಂಡೆಗೆ. ಇವ್ಳು ಬಾಗಿಲಿಗೆ. ಯುಗಾದಿ ದಿನ ಇಬ್ರೂ ಎದುರುಬದ್ರು ಕೂತು ಒಡೆಯಾದು ಅಂತ ಮಾತಾಗಿತ್ತು."

"ಅವಳ ಮುಂದೆ ನಾಚಿಕೆ ಆಗುತ್ತೆ ಅಂತ ಬದಲಾಯಿಸಿದೆಯಾ?"

"ನಾಚ್ಕೆ ಏನು ಬುದ್ದಿ, ಕುಡುಕನ ಹೆಂಡ್ತಿ ದಿನಾ ನಾಚ್ಕಂತಾಳೆ." ಮುದ್ದಕ್ಕ ಮೂಗೊರೆಸಿಕೊಂಡಳು. "ಎಲ್ಲಿ ಹೂತವ್ಳೆ ಅಂತ ನಂಗೆ ಗೊತ್ತಿತ್ತು, ಕುರಿ ಮೇಯಾಕೆ ಹೋದಾಗ ಬದ್ಲಾಯ್ಸಿದೆ. ಇದ್ನ ನಂದು ಅಂತ ಒಡ್ದು, ಅರ್ಧ ಇವ್ಳಿಗೆ ಕೊಡಾನ ಅಂತಿದ್ದೆ."

"ಅವಳ ದುಡ್ಡನ್ನೇ ಅವಳಿಗೆ?"

"ಊಂ ಬುದ್ದಿ. ನನ್ನ ಮಗ ಹುಟ್ಟಿದಾಗ ನನ್ನ ಎದೇಲಿ ಹಾಲಿರ್ಲಿಲ್ಲ. ಇವ್ಳು ವರ್ಸ ಪೂರ್ತಿ ಬೆಟ್ಟ ಬಳಸ್ಕಂಡು ಹಾಲು ತಂದಾಕಿದ್ಲು. ಒಂದು ಕಾಸು ಮುಟ್ಲಿಲ್ಲ. ಆ ಮಗ ಈಗ ನೇಗಿಲು ಹೂಡ್ತಾನೆ. ಅವತ್ತಿಂದ ಇವತ್ತಿನವರ್ಗೂ ಇವ್ಳ ಮುಂದೆ ನನ್ನ ಕೈ ಕೆಳ್ಗೇ ಐತೆ. ಒಂದ್ ಸಲಾನಾರ ಕೊಡೋ ಕೈ ನಂದಾಗ್ಲಿ ಅಂತ ಬುದ್ಧಿ ಕೆಟ್ಟೋಯ್ತು."

ಕದಿರಯ್ಯನ ಪೆನ್ನು ನಿಂತಿತ್ತು. ಕಳ್ಳರು ಹಸಿವೆ ಅಂದದ್ದನ್ನು ಬರೆದಿದ್ದ, ಚಟ ಅಂದದ್ದನ್ನು ಬರೆದಿದ್ದ. ಉಪಕಾರದ ಭಾರ ತಡೆಯಲಾರದೆ ಕದ್ದೆ ಅಂದವರನ್ನು ಕಂಡಿರಲಿಲ್ಲ. ಹೇಳಿಕೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡ.

"ಸ್ವಾಮಿ, ನಾನೇ ದೂರು ಕೊಟ್ಟೋಳು, ನಾನೇ ರಾಜಿ ಆಯ್ತೀನಿ" ಅಂದಳು ಕ್ಯಾತಮ್ಮ.

"ಆಗಬಹುದು ತಾಯಿ. ಮಧುಗಿರಿ ಕೋರ್ಟಿನಲ್ಲಿ ಸಾಹೇಬರು ಒಪ್ಪಿದರೆ ಆಗುತ್ತೆ. ಆದರೆ ಕಾನೂನಿಗೆ ಒಂದು ಗೆರೆ ಇದೆ. ಕದ್ದ ಸ್ವತ್ತು ಇನ್ನೂರೈವತ್ತು ರೂಪಾಯಿ ದಾಟಿರಬಾರದು. ದಾಟಿದರೆ ನೀನು ಬೇಡ ಅಂದರೂ ಕೇಸು ನಡೆಯುತ್ತೆ, ಶಿಕ್ಷೆ ಆದರೆ ಇವಳು ಜೈಲಿಗೆ ಹೋಗಬೇಕು. ಎಷ್ಟಿದೆ ಅಂತ ಈಗ ಎಣಿಸಲೇಬೇಕು."

ಗೋಣಿಚೀಲ ಹಾಸಿ, ಪಂಚರನ್ನು ಕೂರಿಸಿ, ಹುಂಡಿ ಒಡೆದರು. ಮೊದಲು ಈಚೆ ಬಂದದ್ದು ಕರಿ ಉಣ್ಣೆಯ ಒಂದು ಉಂಡೆ, ಅರಿಶಿನದ ಕಾಸು. ಆಮೇಲೆ ಆರು ವರ್ಷದ ಮಜ್ಜಿಗೆ ಝಲ್ಲೆಂದು ಸುರಿಯಿತು. ಕದಿರಯ್ಯ ಐದು ಪೈಸೆ, ಹತ್ತು ಪೈಸೆ, ಪಾವಲಿ, ಎಂಟಾಣೆ, ನೋಟು ಎಂದು ಗುಡ್ಡೆ ಮಾಡುತ್ತ ಹೋದ. ಎಣಿಸುವಾಗ ಅವನಿಗೆ ಅರ್ಧದಲ್ಲೇ ನಿಲ್ಲಿಸಿಬಿಡೋಣ ಅನ್ನಿಸಿತು.

"ಒಟ್ಟು ಮುನ್ನೂರ ಹದಿನಾಲ್ಕು ಸಾರ್."

ಬಾಗಿಲು ಬರುವಷ್ಟು ಇತ್ತು. ಜೈಲಿಗೂ ಸಾಕಾಗುವಷ್ಟು ಇತ್ತು. ಶಂಕರಲಿಂಗಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ಮಜ್ಜಿಗೆ ಮಾರುವವಳಿಗೆ ಲೆಕ್ಕ ಯಾರೂ ಕಲಿಸಬೇಕಿಲ್ಲ. ಕ್ಯಾತಮ್ಮ ಒಂದು ಗಳಿಗೆ ಗುಡ್ಡೆಗಳನ್ನು ನೋಡಿದಳು. "ಆ ಪಾವಲಿ ಗುಡ್ಡೆ ಎಷ್ಟು ಸ್ವಾಮಿ, ನಾಲ್ಕಾಣೇವು?"

"ಎಪ್ಪತ್ತೊಂದು ರೂಪಾಯಿ."

"ಅವಷ್ಟೂ ಮುದ್ದಕ್ಕಂದು." ಎರಡು ಅಂಗೈಯಿಂದ ಆ ಗುಡ್ಡೆಯನ್ನು ಗೆಳತಿಯ ಮುಂದಕ್ಕೆ ನೂಕಿದಳು. "ಅವ್ಳ ಕಾಸು ಅವ್ಳು ತಗಂಡ್ರೆ ಅದು ಕಳವಲ್ಲ. ಮಿಕ್ಕಿದ್ದು ಬರ್ಕಳಿ."

"ಸುಳ್ಳೇಳ್ಬ್ಯಾಡ ಕಣೆ!" ಮುದ್ದಕ್ಕ ಕೂಗಿಕೊಂಡಳು. "ನಾನ್ಯಾವತ್ತು ನಿನ್ನ ಹುಂಡಿಗೆ ಪಾವಲಿ ಹಾಕಿದ್ನೆ?"

"ನೀನು ಸುಮ್ಕಿರು. ನನ್ನ ಗಂಡ ಸತ್ತಾಗ ಹಟ್ಟಿ ಹೆಂಗ್ಸಿನ ಮಜ್ಜಿಗೆ ಯಾರು ಕೊಳ್ತಿದ್ರು? ನಿನ್ನ ಜಗ್ಲಿ ಮೇಲೆ ನನ್ನ ಕೂರುಸ್ಕಂಡು, ಬರ್ರವ್ವ ಬರ್ರಿ ಅಂತ ಬೀದಿಗೆಲ್ಲ ಕೂಗ್ದೋಳು ಯಾರು? ಅಲ್ಲಿಗೆ ಬಂದೋರ ಕಾಸೇ ಇದು. ನನ್ನ ಮಡಕೆಗೆ ಯಾರು ಹಾಕಿದ್ದು ಅಂತ ನಂಗೊತ್ತಿಲ್ವಾ?"

ಮುದ್ದಕ್ಕ ಮುಖ ಮುಚ್ಚಿಕೊಂಡಳು. ಶಂಕರಲಿಂಗಪ್ಪ ಮೆಲ್ಲಗೆ ಹೇಳಿದರು. "ಯೋಚನೆ ಮಾಡು ತಾಯಿ. ಈ ದುಡ್ಡು ಬಿಟ್ಟರೆ ಬಾಗಿಲಿಗೆ ಸಾಲಲ್ಲ. ಮನೇಲಿ ಮಗಳಿದ್ದಾಳೆ."

"ಮಗ್ಳನ್ನ ದಿನಾ ಜೊತೇಲೇ ಕರ್ಕಂಡು ಬತ್ತೀನಿ. ಇನ್ನೊಂದ್ ಎರಡು ವರ್ಸ ಮಜ್ಜಿಗೆ ಮಾರ್ತೀನಿ. ಇವ್ಳು ಜೈಲಿಗೋದ್ರೆ ಯಾರ ಜಗ್ಲಿ ಮೇಲೆ ಕೂತು ಮಾರ್ಲಿ ಬುದ್ದಿ?"

ಶಂಕರಲಿಂಗಪ್ಪ ಟೋಪಿ ಎತ್ತಿ ಮತ್ತೆ ತಲೆಗಿಟ್ಟುಕೊಂಡರು. "ಬರೆಯಿರಿ ಕದಿರಯ್ಯ. ದೂರುದಾರಳ ಹೇಳಿಕೆಯಂತೆ, ಹುಂಡಿಯಲ್ಲಿದ್ದ ಹಣದ ಪೈಕಿ ಎಪ್ಪತ್ತೊಂದು ರೂಪಾಯಿ ಆರೋಪಿಗೆ ಸೇರಿದ್ದು. ಕಳುವಾದ ಸ್ವತ್ತಿನ ಮೌಲ್ಯ ಇನ್ನೂರ ನಲವತ್ತಮೂರು ರೂಪಾಯಿ." ಕದಿರಯ್ಯ ಬರೆದ. ಇಷ್ಟು ವರ್ಷದಲ್ಲಿ ಅಷ್ಟು ಸಂತೋಷದಿಂದ ಅವನು ಬರೆದ ಸಾಲು ಇನ್ನೊಂದಿಲ್ಲ.

ಏಪ್ರಿಲ್ 3, ಸೋಮವಾರ, ಮಧುಗಿರಿ ಕೋರ್ಟು. ಶನಿವಾರ ರಾತ್ರಿಯೇ ಜಾಮೀನಿನ ಮೇಲೆ ಮನೆಗೆ ಹೋಗಿದ್ದ ಮುದ್ದಕ್ಕನೂ ಬಂದಿದ್ದಳು. ಮ್ಯಾಜಿಸ್ಟ್ರೇಟರು ಹೇಳಿಕೆಗಳನ್ನು ಎರಡು ಸಲ ಓದಿದರು. ಕನ್ನಡಕದ ಮೇಲಿನಿಂದ ಇಬ್ಬರು ಹೆಂಗಸರನ್ನೂ ನೋಡಿದರು. ರಾಜಿಗೆ ಅನುಮತಿ ಕೊಟ್ಟು, ಅವರವರ ಹಣ ಅವರವರಿಗೆ ಎಂದು ಆದೇಶ ಬರೆದರು. ಪಾಲಣ್ಣ ಬಂದಿರಲಿಲ್ಲ. ಮಗ ಎರಡು ದಿನದಿಂದ ಅವನನ್ನು ಗದ್ದೆಯ ಕೆಲಸದಿಂದ ಆಚೆ ಬಿಟ್ಟಿಲ್ಲವೆಂದು ತಿಳಿಯಿತು.

ಮಧ್ಯಾಹ್ನ ಕೋರ್ಟಿನ ಮುಂದಿನ ಹುಣಸೇಮರದ ಕೆಳಗೆ ಕದಿರಯ್ಯ ಸಹಿ ಹಾಕಿಸಿಕೊಂಡು, ಇಬ್ಬರ ಕೈಗೂ ಅವರವರ ಗಂಟು ಕೊಟ್ಟ. ಬಸ್ಸಿಗೆ ಹೊತ್ತಿತ್ತು. ಮುದ್ದಕ್ಕ ತನ್ನ ಪಾವಲಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಎದ್ದು ಬಂದು ಕ್ಯಾತಮ್ಮನ ಮುಂದೆ ನಿಂತಳು.

"ಇದು ನಂದು ತಾನೆ? ಸಾಹೇಬ್ರೇ ಬರ್ದವ್ರೆ."

"ನಿಂದೇ ಕಣೆ."

"ಹಂಗಾದ್ರೆ ತಗಾ. ನಿನ್ನ ಬಾಗಿಲಿಗೆ ನಂದೊಂದಿಷ್ಟು."

ಕ್ಯಾತಮ್ಮ ಬೇಡವೆನ್ನಲಿಲ್ಲ. ಕೂತಲ್ಲಿಂದಲೇ ಎರಡೂ ಕೈಯೊಡ್ಡಿ ಈಸಿಕೊಂಡಳು, ಕಣ್ಣಿಗೊತ್ತಿಕೊಂಡಳು. ಕದಿರಯ್ಯ ಬಸ್ಸು ಬಂತೇ ಎಂದು ನೋಡುವವನಂತೆ ರಸ್ತೆಯ ಕಡೆ ತಿರುಗಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಸಾಲ್ತದೇನೆ?" ಹಿಂದಿನಿಂದ ಮುದ್ದಕ್ಕನ ದನಿ ಕೇಳಿತು.

"ಸಾಕಾಗಿ ಮಿಗ್ತದೆ ಕಣೆ" ಅಂದಳು ಕ್ಯಾತಮ್ಮ.